ಕಟ್ಟೆ ಯಜಮಾನರ ರಿಜಿಸ್ಟರು

ಖಾಲಿ ಜಾಗ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ರಿಜಿಸ್ಟರಿನಲ್ಲಿ ಒಂದು ದಿನದ ಬರಹ ಮುಗಿದು ಸಾಲಿನ ಕೊನೆಯಲ್ಲಿ ನಾಲ್ಕು ಅಕ್ಷರದಷ್ಟು ಜಾಗ ಉಳಿದಿದ್ದರೂ ಸರಿ, ಅಂಗಿ ಜೇಬಿನಿಂದ ಗೇಣುದ್ದದ ಮರದ ಸ್ಕೇಲು ತೆಗೆದು ಗೆರೆ ಎಳೆದು ಮುಚ್ಚಿಬಿಡುತ್ತಿದ್ದರು. ಮಾರನೆಯ ದಿನದ ಬರಹ ಅದಕ್ಕೆ ತಾಗಿಕೊಂಡೇ ಶುರುವಾಗಬೇಕು. "ಜಾಗ ಬುಟ್ರೆ ಯಾರಾದ್ರೂ ಬಂದು ಏನಾದ್ರೂ ತುಂಬುಸ್ಬುಡ್ತಾರೆ ಸಾ. ನಾವು ಬರ್ದುದ್ದು ನಮ್ದೇ ಆಗಿರ್ಬೇಕು," ಅನ್ನುತ್ತಿದ್ದರು. ಆ ಸ್ಕೇಲಿನ ಒಂದು ಅಂಚು ಸವೆದು ಅಂಕಿಗಳೇ ಅಳಿಸಿಹೋಗಿದ್ದವು. ಇನ್ನೊಂದು ಕೊಡಿಸುತ್ತೇನೆಂದರೆ ಬೇಡವೆಂದರು. ಅಳೆಯುವುದಕ್ಕೆ ಅಲ್ಲವಲ್ಲ, ಗೆರೆ ಎಳೆಯುವುದಕ್ಕೆ ತಾನೇ ಎಂಬುದು ಅವರ ವಾದ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂತು. ಕ್ಯಾಂಟೀನಿನ ಭಟ್ಟರು ಬಂದು, "ಕಟ್ಟೆ ಯಜಮಾನ್ರು ಹೋಗ್ಬಿಟ್ರಂತೆ ಸಾರ್," ಎಂದರು. ನಾನು ಕೈಯಲ್ಲಿದ್ದ ಫೈಲನ್ನು ಕೆಳಗಿಟ್ಟು ಕಿಟಕಿಯಾಚೆ ಟ್ಯಾಂಕುಗಳ ಕಡೆ ನೋಡಿದೆ. ನನಗೆ ಮೊದಲು ಆದದ್ದು ದುಃಖವಲ್ಲ, ಒಂದು ತರಹದ ಹಗುರ. ಇನ್ನು ಯಾರೂ ಕೇಳುವುದಿಲ್ಲ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಮರುಕ್ಷಣವೇ ನಾಚಿಕೆಯಾಯಿತು. ಆ ನಾಚಿಕೆಯ ಕಥೆಯನ್ನು ಹೇಳದೆ ಅವರ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಗೆ ನಾನು ಪರಿಸರ ವಿಭಾಗದ ಅಧಿಕಾರಿಯಾಗಿ ಸೇರಿದಾಗ ನನಗೆ ಇಪ್ಪತ್ತಾರು ತುಂಬಿತ್ತು. ತಿ. ನರಸೀಪುರದ ಹುಡುಗ, ಮೈಸೂರಿನಲ್ಲಿ ಓದಿದವನು, ನಿಯಮಗಳೆಲ್ಲ ಬಾಯಿಪಾಠ. ಎಣ್ಣೆಯ ಟ್ಯಾಂಕುಗಳ ಸುತ್ತ ಸೊಂಟದೆತ್ತರದ ಗೋಡೆ ಇರಬೇಕು, ದೊಡ್ಡ ಟ್ಯಾಂಕು ಒಡೆದು ಇರುವ ಎಣ್ಣೆಯೆಲ್ಲ ಹೊರಬಿದ್ದರೂ ಆ ಗೋಡೆ ಅದನ್ನು ಹಿಡಿದಿಡಬೇಕು. ಗೋಡೆಯೊಳಗೆ ನಿಂತ ಮಳೆನೀರನ್ನು ಹೊರಬಿಡಲು ಒಂದು ವಾಲ್ವು, ಆ ವಾಲ್ವು ಸದಾ ಮುಚ್ಚಿರಬೇಕು. ನೀರಿನಲ್ಲಿ ಎಣ್ಣೆಯಿಲ್ಲವೆಂದು ನೋಡಿದ ಮೇಲೆಯೇ ತೆಗೆಯಬೇಕು, ಬರಿದಾದ ಕೂಡಲೇ ಮುಚ್ಚಬೇಕು, ಎರಡನ್ನೂ ಬರೆದಿಡಬೇಕು. ಕಾಗದದ ಮೇಲೆ ಇದಕ್ಕೆ ಡೈಕ್ ಎಂದು ಹೆಸರು. ಕಾರ್ಖಾನೆಯಲ್ಲಿ ಎಲ್ಲರೂ ಕಟ್ಟೆ ಅನ್ನುತ್ತಿದ್ದರು, ಅದನ್ನು ನೋಡಿಕೊಳ್ಳುವವರನ್ನು ಕಟ್ಟೆ ಯಜಮಾನರು ಅನ್ನುತ್ತಿದ್ದರು. ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ನಾನೂ ಅದನ್ನು ಇಲ್ಲಿ ಹೊರತೆಗೆಯುವುದಿಲ್ಲ.

ಹಣೆಯ ಮೇಲೆ ಮೂರೆಳೆ ವಿಭೂತಿ, ಎದೆಯ ಮೇಲೆ ಅಂಗಿಯೊಳಗಿಂದ ಉಬ್ಬಿ ಕಾಣುವ ಲಿಂಗದ ಕರಡಿಗೆ, ಬಿಳಿಯ ಮೀಸೆ, ಕಾರ್ಖಾನೆಯವರು ಕೊಟ್ಟ ನೀಲಿ ಪ್ಯಾಂಟಿನ ಕೆಳಗೆ ಹವಾಯಿ ಚಪ್ಪಲಿ. ಬೂಟು ಹಾಕಿಕೊಳ್ಳಿ ಎಂದು ನಾನು ಹೇಳಿ ಹೇಳಿ ಸೋತೆ. ಮೊದಲ ದಿನ ನಾನು ಫೈಲು ಹಿಡಿದು ಗತ್ತಿನಿಂದ ಹೋದಾಗ ಅವರು ನನ್ನ ಕಡೆ ನೋಡಲೂ ಇಲ್ಲ. ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ ಕಟ್ಟೆಯ ನೀರು ತುಂಬಿಕೊಂಡು ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಆಮೇಲೆ ಅದನ್ನು ಬಿಳಿಯ ಪಿಂಗಾಣಿ ತಟ್ಟೆಗೆ ಸುರಿದು, ತಟ್ಟೆಯನ್ನು ಓರೆಮಾಡಿ, ಮೂಗಿನ ಹತ್ತಿರ ತಂದರು. ಆಮೇಲೆ ನನ್ನ ಕೈಗೆ ಕೊಟ್ಟರು.

"ಮೂಸ್ ನೋಡಿ ಸಾ."

"ಏನೂ ಇಲ್ವಲ್ಲ ಯಜಮಾನ್ರೇ."

"ಅದೆ. ಗಳಿಗೆ ಬುಟ್ಟು ನೋಡಿ."

ನೋಡಿದೆ. ತಟ್ಟೆಯ ಅಂಚಿನಲ್ಲಿ ಉಗುರಿನಷ್ಟಗಲ ಕಾಮನಬಿಲ್ಲಿನ ಬಣ್ಣ ಕೂಡಿಕೊಂಡಿತ್ತು. ಆ ನೀರನ್ನು ಅವರು ಅಂದು ಹೊರಗೆ ಬಿಡಲಿಲ್ಲ. ಮೇಲಿನ ಪದರವನ್ನು ಹಳೆಯ ಗೋಣಿಚೀಲದಿಂದ ಹೀರಿಸಿ ಹೀರಿಸಿ ತೆಗೆಯುವಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆದಿತ್ತು. ಮೂಗು ಹಾಳಾಗುತ್ತದೆಂದು ಅವರು ನಶ್ಯ ಬಿಟ್ಟಿದ್ದರು, ಎಲೆ ಅಡಿಕೆ ಬಿಟ್ಟಿದ್ದರು. ಕಾರ್ಖಾನೆಯ ಸಲುವಾಗಿ ಚಟ ಬಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಅವರ ಊರು ಹೆಮ್ಮಿಗೆ. ದಿನಾ ಅಲ್ಲಿಂದ ನರಸೀಪುರಕ್ಕೊಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು. ನಮ್ಮ ಕಾರ್ಖಾನೆಯ ಹಿಂದಿನ ಹಳ್ಳ ಕಪಿಲೆಗೆ ಸೇರುತ್ತದೆ, ಕಪಿಲೆ ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ, ಅಲ್ಲಿಂದ ಕೆಳಗೆ ಹೆಮ್ಮಿಗೆಯ ಗದ್ದೆಗಳು. ಅವರು ಇದನ್ನು ಭೂಗೋಳದ ಪಾಠವಾಗಿ ಹೇಳಿದವರಲ್ಲ. "ನಾನ್ ಇಲ್ಲಿ ಬುಡೋ ನೀರು ನಂಗಿಂತ ಮುಂಚೆ ಮನೆ ಸೇರ್ಕಂಡಿರ್ತದೆ ಸಾ," ಎಂದು ನಗುತ್ತಿದ್ದರು. ಲೆಕ್ಕ ಹಾಕಿದರೆ ಅದು ನಿಜವಲ್ಲ. ಬಸ್ಸೇ ಮುಂಚೆ ತಲುಪುತ್ತದೆ. ನಾನು ಹಾಗೆಂದು ತಿದ್ದಲು ಹೋದಾಗ, "ನಮ್ ಬಸ್ನಾಗೆ ನೀವ್ ಓಗಿಲ್ಲ ಬುಡಿ," ಎಂದುಬಿಟ್ಟರು.

ಹಟ ಎಂದರೆ ಅದೇನು ಹಟ! ಎಣ್ಣೆ ತರುವ ಟ್ಯಾಂಕರ್ ಲಾರಿಗಳ ಡ್ರೈವರುಗಳು ಅವರಿಗೆ ಹೆದರುತ್ತಿದ್ದರು. ಚಕ್ರಕ್ಕೆ ಮರದ ತುಂಡು ಕೊಡದೆ, ಕೊಳವೆಯ ಬಾಯಿಯ ಕೆಳಗೆ ಕಬ್ಬಿಣದ ಬಾಂಡ್ಲಿ ಇಡದೆ ಒಂದು ತೊಟ್ಟು ಇಳಿಸಲು ಬಿಡುತ್ತಿರಲಿಲ್ಲ. ಹೊರಗಿನ ತಪಾಸಣೆಯವರು ಬರುವ ಮುನ್ನಾದಿನ ಮ್ಯಾನೇಜರು ಕಟ್ಟೆಗೆ ಹೊಸದಾಗಿ ಹಳದಿ ಬಣ್ಣ ಹೊಡೆಸಿದ್ದರು. ಬಂದವರು ಮೆಚ್ಚಿ ಫೋಟೋ ತೆಗೆದುಕೊಳ್ಳುತ್ತಿದ್ದಾಗ ಈ ಮಹಾನುಭಾವರು ಗೋಡೆಯ ಮೂಲೆಯೊಂದರ ಹತ್ತಿರ ಕೂತು ಅವರನ್ನು ಕರೆದರು. ಅಲ್ಲಿನ ಸಣ್ಣ ಬಿರುಕಿನಲ್ಲಿ ಒಳಗಿಂದ ಹೊರಕ್ಕೆ ಇರುವೆ ಸಾಲು ಹೊರಟಿತ್ತು.

"ಇರ್ವೆ ಓಗೋ ಜಾಗ್ದಲ್ಲಿ ಎಣ್ಣೆ ಓಗಲ್ವಾ ಸಾ?"

ಮ್ಯಾನೇಜರ ಮುಖ ನೋಡುವಂತಿರಲಿಲ್ಲ. ತಪಾಸಣೆಯವರು ಹೋದ ಮೇಲೆ ಯಜಮಾನರನ್ನು ಕರೆಸಿ, ನಿನಗೇನು ಬುದ್ಧಿ ಇದೆಯೋ ಇಲ್ಲವೋ ಎಂದು ಕೂಗಾಡಿದರು. ಇವರು ಕೈಕಟ್ಟಿ ಕೇಳಿಸಿಕೊಂಡು, ಎಲ್ಲ ಮುಗಿದ ಮೇಲೆ, "ಸಿಮೆಂಟು ಯಾವಾಗ ಕೊಡುಸ್ತೀರಾ ಸಾ?" ಎಂದರಂತೆ. ಸಿಮೆಂಟು ಮಾರನೆಯ ದಿನವೇ ಬಂತು.

ನನ್ನ ಮೇಲೆ ಅವರಿಗೆ ಪ್ರೀತಿಯಿತ್ತು, ದೂರೂ ಇತ್ತು. ನಾನು ಬೇಗ ಬರೆಯುವವನು. ವಾರದ ತಪಾಸಣೆ ಪಟ್ಟಿಯ ಹತ್ತು ಸಾಲುಗಳಿಗೆ ಟಿಕ್ ಹಾಕುತ್ತಾ ನಡೆದರೆ ಕಟ್ಟೆ ಸುತ್ತಿ ಮುಗಿಯುವ ಮೊದಲೇ ಪಟ್ಟಿ ಮುಗಿದಿರುತ್ತಿತ್ತು. ಅವರು ಹಿಂದಿನಿಂದ ಬಂದು ಪೆನ್ನಿನ ಮೇಲೆ ಕೈಯಿಟ್ಟು, "ನೋಡ್ಬುಟ್ಟು ಬರೀರಿ ಸಾ. ಬರ್ದ್ಬುಟ್ಟು ನೋಡಿದ್ರೆ ಬರ್ದಿರಾದೇ ಕಾಣ್ತದೆ," ಎನ್ನುತ್ತಿದ್ದರು. ನಾನು ನಕ್ಕು ತಲೆಯಾಡಿಸುತ್ತಿದ್ದೆ. ಆ ಮಾತು ನನಗೆ ಅರ್ಥವಾಗಿತ್ತೆಂದೇ ಆಗ ತಿಳಿದಿದ್ದೆ.

ಇನ್ನು ಆ ದಿನಕ್ಕೆ ಬರಬೇಕು.

ಕಟ್ಟೆಯ ವಾಲ್ವಿಗೆ ಒಂದು ಕಬ್ಬಿಣದ ಹಿಡಿಯಿತ್ತು. ಅದನ್ನು ಬಿಚ್ಚಿ ತೆಗೆಯಬಹುದಿತ್ತು, ಹಿಡಿಯಿಲ್ಲದೆ ಬರಿಗೈಯಲ್ಲಿ ವಾಲ್ವು ತಿರುಗುತ್ತಿರಲಿಲ್ಲ. ಯಾರೋ ಬಂದು ತಿಳಿಯದೆ ತೆರೆಯಬಾರದೆಂದು ಯಜಮಾನರು ಕೆಲಸ ಮುಗಿದ ಕೂಡಲೇ ಹಿಡಿ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು, ಸಂಜೆ ಮನೆಗೆ ಹೋಗುವಾಗ ಗೇಟಿನಲ್ಲಿ ಒಪ್ಪಿಸಿ ಸಹಿ ಹಾಕುತ್ತಿದ್ದರು. ಫಿಟ್ಟರಿಗೆ ಸ್ಪ್ಯಾನರು ಹೇಗೋ ಅವರಿಗೆ ಆ ಹಿಡಿ ಹಾಗೆ. ಪ್ರತಿವರ್ಷ ಆಯುಧಪೂಜೆಗೆ ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ತೊಳೆದು, ವಿಭೂತಿ ಹಚ್ಚಿ, ಎಲ್ಲರ ಸ್ಪ್ಯಾನರು ಸುತ್ತಿಗೆಗಳ ಜೊತೆ ದೇವಿಯ ಪಟದ ಮುಂದೆ ಇಡುತ್ತಿದ್ದರು. ಪೂಜೆಗಿಟ್ಟ ಆಯುಧವನ್ನು ಅಂದು ಯಾರೂ ಮುಟ್ಟುವಂತಿಲ್ಲ. ಮಾರನೆಯ ಬೆಳಿಗ್ಗೆ ಪೂಜಾರಿ ಬಂದು ಕದಲಿಸಿದ ಮೇಲೆಯೇ ಕೈಗೆತ್ತಿಕೊಳ್ಳಬೇಕು. ನಮ್ಮಲ್ಲಿ ಇದು ಬರೆಯದ ನಿಯಮ. ಬರೆದ ನಿಯಮಗಳಿಗಿಂತ ಗಟ್ಟಿಯಾಗಿ ನಡೆಯುತ್ತಿತ್ತು.

ಆ ವರ್ಷ ಪೂಜೆಯ ಬೆಳಿಗ್ಗೆ ಎಂದಿನಂತೆ ಟ್ಯಾಂಕುಗಳನ್ನೂ ಕಟ್ಟೆಯನ್ನೂ ತೊಳೆದರು. ತೊಳೆದ ನೀರನ್ನು ಯಜಮಾನರು ತಟ್ಟೆಯಲ್ಲಿ ನೋಡಿ, ಮೂಸಿ, ವಾಲ್ವು ತೆರೆದು ಬಿಟ್ಟರು. ಕೆಸರು ಕೂಡಿದ್ದರಿಂದ ನೀರು ನಿಧಾನವಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ರಾಹುಕಾಲ ಬರುತ್ತದೆಂದು ಪೂಜಾರಿ ಅವಸರ ಮಾಡಿದರು, ಮ್ಯಾನೇಜರು ಮೈಕಿನಲ್ಲಿ ಎಲ್ಲರನ್ನೂ ಕರೆದರು. ಯಜಮಾನರು ವಾಲ್ವು ತೆರೆದಿದ್ದ ಹಾಗೆಯೇ ಹಿಡಿ ಕಳಚಿ ತೊಳೆದು ತಂದು ಇಟ್ಟರು. ಮಂಗಳಾರತಿಯಾದ ಮೇಲೆ ಒಂದು ನಿಮಿಷ ಕೇಳಿ ತೆಗೆದುಕೊಂಡರಾಯಿತು ಎಂದುಕೊಂಡರಂತೆ. ಪೂಜಾರಿ ಆಯುಧಗಳನ್ನೆಲ್ಲ ಸೇರಿಸಿ ಅರಿಸಿನದ ದಾರ ಸುತ್ತಿದರು. ಬೂದುಗುಂಬಳ ಒಡೆದರು. ಆಮೇಲೆ ಕೇಳಲು ಬಾಯಿ ಬರಲಿಲ್ಲ. ಬೇರೊಂದು ಸ್ಪ್ಯಾನರಿನಿಂದ ತಿರುಗಿಸೋಣವೆಂದರೆ ಕಾರ್ಖಾನೆಯ ಪ್ರತಿಯೊಂದು ಸ್ಪ್ಯಾನರೂ ಅದೇ ದಾರದೊಳಗಿತ್ತು.

ಮಧ್ಯಾಹ್ನ ಎಲ್ಲರೂ ಕಡ್ಲೆಪುರಿ, ಸಿಹಿಯ ಪೊಟ್ಟಣ ಹಿಡಿದು ಮನೆಗೆ ಹೋದರು. ಯಜಮಾನರು ಹೋಗಲಿಲ್ಲ. ಬಾಗಿಲು ತೆರೆದಿಟ್ಟು ಮನೆಗೆ ಹೋಗುವುದು ಹೇಗೆಂದು ಕಟ್ಟೆಯ ಮೇಲೆಯೇ ಕೂತರು. ಸಂಜೆಯ ಲಿಂಗಪೂಜೆಯ ಹೊತ್ತಾಯಿತು. ಅವರು ಅದನ್ನು ಒಂದು ದಿನವೂ ತಪ್ಪಿಸಿದವರಲ್ಲ. ಕೈಕಾಲು ತೊಳೆದುಕೊಂಡು ಪಂಪುಮನೆಯಲ್ಲಿ ಪೂಜೆಗೆ ಕೂತ ಅರ್ಧ ಗಂಟೆಯಲ್ಲಿ ಕರೆಂಟು ಹೋಯಿತು, ಜನರೇಟರು ತಾನಾಗಿ ಚಾಲೂ ಆಯಿತು, ಅದಕ್ಕೆ ಡೀಸೆಲ್ ಎತ್ತುವ ಪೈಪಿನ ಜೋಡಣೆಯಲ್ಲಿ ಹಳೆಯ ಗ್ಯಾಸ್ಕೆಟ್ಟು ಕಿತ್ತುಬಂತು.

ಕಣ್ಣು ಮುಚ್ಚಿದ್ದ ಅವರಿಗೆ ಮೊದಲು ತಿಳಿದದ್ದು ಮೂಗಿನಿಂದ. ಎದ್ದು ಹೋಗಿ ನೋಡಿದರೆ ಡೀಸೆಲ್ ಕಟ್ಟೆಯೊಳಗೆ ಬಿದ್ದು, ತೆರೆದ ವಾಲ್ವಿನಿಂದ ಮಳೆನೀರಿನ ಚರಂಡಿಗೆ ಹೋಗುತ್ತಿತ್ತು. ಪಂಪು ಆರಿಸಿದರು. ಆಮೇಲೆ ಪೂಜೆಯ ಜಾಗಕ್ಕೆ ಓಡಿದರು. ಗೇಟಿನ ಕಾವಲುಗಾರ ಕಣ್ಣಾರೆ ಕಂಡದ್ದನ್ನು ನನಗೆ ಹೇಳಿದ. ಪಟದ ಮುಂದೆ ಒಂದು ಗಳಿಗೆ ನಿಂತರಂತೆ. ಕೈಮುಗಿದರಂತೆ. ಆಮೇಲೆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಹಿಡಿ ಎಳೆದುಕೊಂಡು ಓಡಿದರಂತೆ. ಸುತ್ತಿಗೆ ಸ್ಪ್ಯಾನರುಗಳೆಲ್ಲ ನೆಲಕ್ಕುರುಳಿದ ಸದ್ದಿಗೆ ಇವನು ಬೆಚ್ಚಿಬಿದ್ದನಂತೆ.

ವಾಲ್ವು ಮುಚ್ಚಿತು. ಉಳಿದ ಡೀಸೆಲನ್ನು ಕಟ್ಟೆ ಹಿಡಿದುಕೊಂಡಿತು. ಆದರೆ ಆಗಲೇ ಹೋದದ್ದು ಹೋಗಿತ್ತು. ಬಾಯ್ಲರಿಗೆಂದು ರಾಶಿ ಹಾಕಿದ್ದ ಭತ್ತದ ಹೊಟ್ಟನ್ನು ಕಾವಲುಗಾರರ ಜೊತೆ ಚೀಲಗಟ್ಟಲೆ ಹೊತ್ತು ಚರಂಡಿಗೂ ಹಳ್ಳಕ್ಕೂ ಸುರಿದರು. ಹೊಟ್ಟು ಬಹಳವನ್ನು ಕುಡಿಯಿತು, ಎಲ್ಲವನ್ನೂ ಅಲ್ಲ. ಹಳ್ಳ ಹೊಳೆಗೆ ಸೇರುವಲ್ಲಿ ನೀರಿನ ಮೇಲೆ ಬಣ್ಣ ತೇಲುತ್ತಿರುವುದನ್ನು ಕಂಡು ಜೇಬಿನಿಂದ ಫೋನು ತೆಗೆದರು. ಮ್ಯಾನೇಜರಿಗಲ್ಲ. ನರಸೀಪುರದಲ್ಲಿ ಊರಿಗೆ ಕುಡಿಯುವ ನೀರೆತ್ತುವ ಪಂಪುಮನೆಯಲ್ಲಿದ್ದ ತಮ್ಮೂರಿನವನಿಗೆ. "ಲೇ, ಮೋಟ್ರು ನಿಲ್ಸ್ಲಾ. ಮೇಲಿಂದ ಎಣ್ಣೆ ಬತ್ತಾ ಅದೆ. ಯಾರ್ ಕೇಳುದ್ರೂ ನನ್ನೆಸ್ರು ಏಳು."

ಗೇಟಿನವರ ಫೋನಿಗೆ ಮ್ಯಾನೇಜರು ಮೈಸೂರಿನಿಂದ ಬರುವಷ್ಟರಲ್ಲಿ ನಾನೂ ನರಸೀಪುರದಿಂದ ಬಂದಿದ್ದೆ. ಯಜಮಾನರ ಮೈಯೆಲ್ಲ ಹೊಟ್ಟು. ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ಮೊದಲು ನನಗೆ ಫೋನ್ ಮಾಡಬೇಕು ಅಂತ ಗೊತ್ತಿಲ್ವಾ ನಿನಗೆ?" ಎಂದರು ಮ್ಯಾನೇಜರು.

"ನಿಮ್ಮನೇಲಿ ಆ ನೀರ್ ಕುಡ್ಯಲ್ಲ ಸಾ. ಕುಡ್ಯೋರ್ಗೆ ಮೊದ್ಲು ಯೋಳ್ದೆ."

ರಿಜಿಸ್ಟರಿನಲ್ಲಿ ಏನು ಬರೆಯುವುದೆಂಬ ಮಾತು ಬಂತು. ತೊಳೆದ ನೀರಿನ ಜೊತೆ ಸ್ವಲ್ಪ ಎಣ್ಣೆಯಂಶ ಹೋಯಿತು ಎಂದು ಬರೆದರೆ ಸಾಕು, ನಿನ್ನ ಕೆಲಸಕ್ಕೂ ತೊಂದರೆಯಿಲ್ಲ ಎಂದು ಮ್ಯಾನೇಜರು ಈಗ ಮೆತ್ತಗೆ ಹೇಳಿದರು. ಯಜಮಾನರು ಕೈತೊಳೆದುಕೊಂಡು ಬಂದು ಕೂತು, ಎಂದಿನ ದಪ್ಪ ಅಕ್ಷರದಲ್ಲಿ ಬರೆದರು: ವಾಲ್ವು ತೆರೆದಿಟ್ಟು ಹಿಡಿಯನ್ನು ಪೂಜೆಗಿಟ್ಟವನು ನಾನು. ಡೀಸೆಲ್ ಹಳ್ಳಕ್ಕೆ ಹೋಗಿದೆ. ತಪ್ಪು ನನ್ನದು. ಕೆಳಗೆ ಸಹಿ.

ಈಗ ನನ್ನ ಪಾಲು. ರಜೆಗೆ ಕಾರ್ಖಾನೆ ಮುಚ್ಚುವ ದಿನ, ಎಲ್ಲರೂ ಹೋದ ಮೇಲೆ, ಪರಿಸರ ವಿಭಾಗದವನು ಕೊನೆಯದಾಗಿ ಕಟ್ಟೆ ಸುತ್ತಿ ವಾಲ್ವು ಮುಚ್ಚಿದೆ ಎಂದು ನೋಡಿ ಪಟ್ಟಿಗೆ ಸಹಿ ಹಾಕಬೇಕು. ನಿಯಮ ಇರುವುದೇ ಇಂಥ ದಿನಕ್ಕಾಗಿ. ನಾನು ಆ ಸಹಿಯನ್ನು ಬೆಳಿಗ್ಗೆ ಪೂಜೆಗೆ ಮೊದಲೇ, ನನ್ನ ಮೇಜಿನಲ್ಲಿ ಕೂತು ಹಾಕಿದ್ದೆ. 'ಸಂಜೆ ನಾಲ್ಕು ಗಂಟೆ, ವಾಲ್ವು ಮುಚ್ಚಿದೆ' ಎಂದು ಬರೆದು, ಸಿಹಿಯ ಪೊಟ್ಟಣ ಹಿಡಿದು ಒಂದು ಗಂಟೆಯ ಬಸ್ಸು ಹತ್ತಿದ್ದೆ. ನಾಲ್ಕು ಗಂಟೆಗೆ ಅಮ್ಮ ಮಾಡಿದ ಒಬ್ಬಟ್ಟು ತಿಂದು ಮಲಗಿದ್ದೆ. ಎಂದಿನಂತೆ ಹೋಗಿ ನೋಡಿದ್ದರೆ ಕಟ್ಟೆಯ ಮೇಲೆ ಕೂತಿದ್ದ ಯಜಮಾನರೂ ಕಾಣುತ್ತಿದ್ದರು, ತೆರೆದ ವಾಲ್ವೂ ಕಾಣುತ್ತಿತ್ತು. ದಾರ ಕಿತ್ತು ಹಿಡಿ ತೆಗೆಯಲು ಅವರಿಗೆ ಒಬ್ಬ ಅಧಿಕಾರಿಯ ಒಂದು ಮಾತು ಸಾಕಿತ್ತು. ಆ ಮಾತು ಹೇಳಬೇಕಾದವನು ನಾನು, ನಾನು ಅಲ್ಲಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರಲಿಲ್ಲ. "ಹಬ್ಬದ ದಿನಾನೇ ನಿಲ್ಲಿಸ್ಬೇಕಾ ಇವರು!" ಎಂದು ಅಮ್ಮ ಊರಿಗೆಲ್ಲ ಕೇಳುವಂತೆ ಬೈದರು. ನಾನು ಕೊಡ ಹಿಡಿದು ಬೋರ್‌ವೆಲ್ಲಿನ ಸಾಲಿನಲ್ಲಿ ನಿಂತೆ. ಯಾಕೆ ನಿಲ್ಲಿಸಿದರೆಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ನನಗೆ ಗೊತ್ತಿಲ್ಲವೆಂದೆ.

ಹಬ್ಬ ಮುಗಿದ ಮೇಲೆ ವಿಚಾರಣೆಗೆ ಸರ್ಕಾರದ ಕಡೆಯ ಅಧಿಕಾರಿಯೊಬ್ಬರು ಬಂದರು. ತಾಳ್ಮೆಯ ಮನುಷ್ಯ. ನನ್ನ ಪಟ್ಟಿಯನ್ನೂ ಯಜಮಾನರ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡು, "ಇದರಲ್ಲಿ ನಾಲ್ಕು ಗಂಟೆಗೆ ಮುಚ್ಚಿತ್ತು ಅಂತಿದೆ. ಇದರಲ್ಲಿ ಬೆಳಿಗ್ಗೆಯಿಂದ ತೆರೆದೇ ಇತ್ತು ಅಂತಿದೆ. ಯಾವುದು ನಿಜ?" ಎಂದು ಯಜಮಾನರನ್ನು ಕೇಳಿದರು.

ಅವರು ನಾಲ್ಕು ಗಂಟೆಗೆ ಅಲ್ಲೇ ಕೂತಿದ್ದವರು. ನಾನು ಬರಲಿಲ್ಲವೆಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಅವರು ನನ್ನ ಕಡೆ ನೋಡಲಿಲ್ಲ. "ನಾನ್ ಬರ್ದಿರಾದು ನಂದು ಸಾ. ಅವ್ರುದ್ದ ಅವ್ರುನ್ನೇ ಕೇಳಿ."

ಅಧಿಕಾರಿ ನನ್ನ ಕಡೆ ತಿರುಗಿದರು. "ನಾನು ನೋಡಿದಾಗ ಮುಚ್ಚಿತ್ತು ಸಾರ್," ಎಂದೆ. "ಆಮೇಲೆ ತೆರೆದಿರಬೇಕು."

ಅಷ್ಟೇ. ಒಂದು ವಾಕ್ಯ. ದಾರ ಹರಿದದ್ದನ್ನು ಕಂಡಿದ್ದ ಕಾವಲುಗಾರನನ್ನು ಯಾರೂ ಕರೆಸಿ ಕೇಳಲಿಲ್ಲ. ಆ ವಾಕ್ಯದಿಂದ, ಪೂಜೆಯ ಗೌರವಕ್ಕೆ ಕಟ್ಟುಬಿದ್ದು ವಾಲ್ವು ಮುಚ್ಚಲಾಗದೆ ಕಾವಲು ಕೂತ ಮನುಷ್ಯ, ಮೇಲಧಿಕಾರಿ ನೋಡಿ ಹೋದ ಮೇಲೆ ವಾಲ್ವು ತೆರೆದ ಮನುಷ್ಯನಾಗಿಬಿಟ್ಟರು. ಅವರು ತಲೆ ತಗ್ಗಿಸಿ ಸ್ಕೇಲನ್ನು ಬೆರಳಿನಲ್ಲಿ ತಿರುಗಿಸುತ್ತಾ ಕೂತಿದ್ದರು. ನಾನು ಮಾತು ತಿದ್ದಿಕೊಳ್ಳಲೆಂದೇ ಕಾದಂತೆ ಸ್ವಲ್ಪ ಹೊತ್ತು ಹಾಗೇ ಇದ್ದರು. ಆಮೇಲೆ ಎದ್ದು ಕೈಮುಗಿದು ಹೊರಗೆ ಹೋದರು.

ಕೆಲಸದಿಂದ ತೆಗೆಯಲಿಲ್ಲ. ವಾರದೊಳಗೆ ಕಟ್ಟೆಯಿಂದ ತೆಗೆದು ತೋಟಕ್ಕೆ ಹಾಕಿದರು. ನಿವೃತ್ತಿಗೆ ಉಳಿದಿದ್ದ ಒಂದೂವರೆ ವರ್ಷ ಅವರು ಆಫೀಸಿನ ಮುಂದಿನ ಕ್ರೋಟನ್ ಗಿಡಗಳಿಗೆ ನೀರು ಹಾಕಿದರು. ಮಳೆ ಬಂದ ದಿನ ಪೈಪು ಕೈಯಲ್ಲಿ ಹಿಡಿದೇ ಕಟ್ಟೆಯ ಕಡೆ ಕತ್ತೆತ್ತಿ ನೋಡುತ್ತಿದ್ದರು, ಹತ್ತಿರ ಹೋಗುತ್ತಿರಲಿಲ್ಲ. ಕಟ್ಟೆಗೆ ಬಂದ ಹೊಸಬನಿಗೆ ತಟ್ಟೆಯೂ ಬಾಟಲಿಯೂ ಬೇಕಾಗಿರಲಿಲ್ಲ. ನನಗೆ ಎದುರಾದಾಗಲೆಲ್ಲ, "ಚೆನ್ನಾಗಿದ್ದೀರಾ ಸಾ?" ಎನ್ನುತ್ತಿದ್ದರು. ಒಂದು ಸಲವೂ ಆ ಮಾತು ತೆಗೆಯಲಿಲ್ಲ. ಅವರು ಬೈದಿದ್ದರೆ ನಾನೂ ತಿರುಗಿ ಬೈದು ಹಗುರವಾಗುತ್ತಿದ್ದೆನೇನೋ. ಅವರ ಬೀಳ್ಕೊಡುಗೆಯ ದಿನ ನಾನು ರಜೆ ಹಾಕಿದೆ.

ನಾನು ಈಗ ವಿಭಾಗದ ಮುಖ್ಯಸ್ಥ. ಸೋರಿಕೆ ತಡೆಯುವುದು ಹೇಗೆಂದು ಬೇರೆ ಕಾರ್ಖಾನೆಗಳವರಿಗೂ ಪಾಠ ಹೇಳುತ್ತೇನೆ. "ನೋಡಿ ಬರೆಯಿರಿ" ಎಂಬ ಮಾತನ್ನು ಪ್ರತಿ ಪಾಠದಲ್ಲೂ ಬಳಸುತ್ತೇನೆ. ಅದು ಯಾರ ಮಾತೆಂದು ಹೇಳಿದ್ದಿಲ್ಲ.

ಅವರ ಶಿವಗಣಾರಾಧನೆಗೆ ಹೆಮ್ಮಿಗೆಗೆ ಹೋದೆ. ಹೋಗದೆ ಇರಲಾಗಲಿಲ್ಲ. ಊಟವಾದ ಮೇಲೆ ಜಗುಲಿಯ ಮೇಲೆ ಅವರ ಹೆಂಡತಿಯ ಮುಂದೆ ಕೂತೆ. ಸಣ್ಣ ಮೈಕಟ್ಟಿನ, ನೇರವಾಗಿ ಮುಖ ನೋಡಿ ಮಾತಾಡುವ ಹೆಂಗಸು. "ಕಡೇ ದಿನ್ಗೋಳಲ್ಲೂ ಮಳೆ ಬಂದ್ರೆ ಸಾಕು, ಕಟ್ಟೇಲಿ ನೀರ್ ನಿಂತದೆ, ಯಾರ್ ನೋಡ್ತಾರೋ ಅನ್ನೋರು," ಎಂದರು.

ನನಗೆ ತಡೆಯಲಾಗಲಿಲ್ಲ. "ಅಮ್ಮಾ, ಅವತ್ತು ನಾನು ನೋಡಿರಲಿಲ್ಲ. ನೋಡಿದೆ ಅಂತ ಸುಳ್ಳು ಹೇಳಿದೆ," ಎಂದೆ.

ಆಕೆ ಬೆರಗಾಗಲಿಲ್ಲ. ಸೆರಗಿನಿಂದ ಜಗುಲಿಯ ಮೇಲಿನ ಅಕ್ಕಿಕಾಳು ಒಂದೆರಡನ್ನು ಗುಡಿಸಿ ತೆಗೆದರು.

"ಗೊತ್ತು ಕಣಪ್ಪಾ. ಅವತ್ತೇ ಬಂದು ಏಳುದ್ರು. ನಂಗೆ ಕ್ವಾಪ ಬಂತು. ನೀವ್ಯಾಕೆ ಬಾಯ್ ಮುಚ್ಕಂಡಿದ್ರಿ, ಆ ಅಯ್ಯ ಬರ್ಲಿಲ್ಲ ಅಂತ ಬರ್ದ್ ಬಿಸಾಕ್ಬಾರ್ದಾ ಅಂದೆ."

"ಏನಂದ್ರು?"

"ನನ್ ತಪ್ಪ ನಾನ್ ಬರ್ದಿವ್ನಿ, ಅವ್ರ ತಪ್ಪ ಅವ್ರೇ ಬರೀಬೇಕು ಅಂದ್ರು. ಒಳ್ಳೆ ಉಡ್ಗ, ಒಂದಿನ ಬರ್ದೇ ಬರೀತಾನೆ, ಅದ್ಕೆ ಜಾಗ ಬುಟ್ಟಿವ್ನಿ ಅಂದ್ರು." ಮತ್ತೆ ಅವರೇ ಹೇಳಿದರು, "ಅದೇನ್ ಜಾಗ್ವೋ ನಂಗೊತ್ತಿಲ್ಲ."

ನನಗೂ ಗೊತ್ತಾಗಲಿಲ್ಲ. ಹೆಮ್ಮಿಗೆಯಿಂದ ನರಸೀಪುರಕ್ಕೆ, ನರಸೀಪುರದಿಂದ ನಂಜನಗೂಡಿಗೆ, ಅವರು ದಿನಾ ಓಡಾಡುತ್ತಿದ್ದ ಆ ಎರಡು ಬಸ್ಸುಗಳಲ್ಲಿ ಕೂತು ಯೋಚಿಸಿದೆ. ನರಸೀಪುರದಲ್ಲಿ ಬಸ್ಸು ಬದಲಿಸುವಾಗಲೂ ಮನೆಗೆ ಹೋಗದೆ ಕಾರ್ಖಾನೆಗೇ ಹೋದೆ. ಹಳೆಯ ಕಡತಗಳ ಬೀರು ತೆಗೆಸಿ ಆ ವರ್ಷದ ರಿಜಿಸ್ಟರು ಹುಡುಕಿದೆ. ವಿಚಾರಣೆಯ ದಿನದಿಂದ ಅದನ್ನು ನಾನು ತೆರೆದಿರಲಿಲ್ಲ.

ಪುಟ ಸಿಕ್ಕಿತು. ವಾಲ್ವು ತೆರೆದಿಟ್ಟವನು ನಾನು, ತಪ್ಪು ನನ್ನದು, ಸಹಿ. ಸಹಿಯ ಪಕ್ಕದ ಜಾಗಕ್ಕೆ ಎಂದಿನಂತೆ ಗೆರೆ. ಅದರ ಕೆಳಗೆ ಒಂದು ಪೂರ್ತಿ ಸಾಲು ಖಾಲಿ. ಆಮೇಲೆ, ಮಾರನೆಯ ದಿನದ ಬರಹ, ಅದೇ ದಪ್ಪ ಅಕ್ಷರ. ಆ ರಿಜಿಸ್ಟರಿನ ಮೊದಲಿನಿಂದ ಕೊನೆಯವರೆಗೆ ಹಾಳೆ ಮಗುಚಿ ನೋಡಿದೆ. ಅವರ ಕೈಬರಹವಿದ್ದಲ್ಲೆಲ್ಲೂ ಇನ್ನೊಂದು ಖಾಲಿ ಸಾಲು ಇರಲಿಲ್ಲ.

ಮುಂದಿನ ತಿಂಗಳು ನಮ್ಮ ಕಾರ್ಖಾನೆಯ ಪರವಾನಗಿ ನವೀಕರಣಕ್ಕೆ ತಪಾಸಣೆಯಿದೆ. ಹಳೆಯ ರಿಜಿಸ್ಟರುಗಳನ್ನೂ ಕೇಳುತ್ತಾರೆ. ನಾನು ಬರೆಯುವುದನ್ನು ಅವರು ಓದುತ್ತಾರೆ, ಅದರಿಂದ ನನ್ನ ಕುರ್ಚಿ ಹೋದರೂ ಹೋಗಬಹುದು. ಅದೆಲ್ಲ ಗೊತ್ತಿದ್ದೇ ಪೆನ್ನು ತೆಗೆದೆ. ಒಂದೇ ಸಾಲಿಗೆ ಹಿಡಿಯುವಂತೆ ಸಣ್ಣ ಅಕ್ಷರದಲ್ಲಿ ಬರೆದೆ.

'ಆ ದಿನ ನಾನು ಕಟ್ಟೆಗೆ ಹೋಗಿರಲಿಲ್ಲ. ವಾಲ್ವು ನೋಡದೆ ಸಹಿ ಹಾಕಿದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದೆ.' ಅದರ ಮುಂದೆ ನನ್ನ ಹೆಸರು, ಬರೆದ ದಿನದ ತಾರೀಖು.

ಸಾಲಿನ ಕೊನೆಯಲ್ಲಿ ನಾಲ್ಕು ಅಕ್ಷರದಷ್ಟು ಜಾಗ ಉಳಿಯಿತು. ಮೇಜಿನ ಮೇಲಿದ್ದ ಸ್ಕೇಲು ತೆಗೆದು ಗೆರೆ ಎಳೆದೆ.